ಪ್ಯಾಕೆಟ್ ಮೇಲೆ 33, ಕಿವಿಯೊಳಗೆ ಎಷ್ಟು? ಇಯರ್‌ಪ್ಲಗ್, ಇಯರ್‌ಮಫ್ ಆರಿಸುವ ಮುನ್ನ

ನಾನು ಮೊದಲ ಸಲ ಫೋಮ್ ಇಯರ್‌ಪ್ಲಗ್ ಹಾಕಿಕೊಂಡದ್ದು ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಡ್ರಿಲ್ ಹಿಡಿದು ತೂತು ಕೊರೆಯುವಾಗ. ಪ್ಯಾಕೆಟ್ ಮೇಲೆ ದೊಡ್ಡದಾಗಿ 33 ಎಂದು ಬರೆದಿತ್ತು. 33 ಡೆಸಿಬಲ್ ಕಡಿಮೆಯಾದರೆ ಇನ್ನೇನು ಬೇಕು ಅಂದುಕೊಂಡು, ಬಾಟಲಿಗೆ ಬಿರಡೆ ತುರುಕಿದ ಹಾಗೆ ಎರಡೂ ಕಿವಿಗೆ ತುರುಕಿ ಮಧ್ಯಾಹ್ನವೆಲ್ಲ ಕೊರೆದೆ. ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು. ಅದು ನಿಲ್ಲಲು ಎರಡು ದಿನ ಹಿಡಿಯಿತು. ಪ್ಲಗ್‌ನದೇನೂ ತಪ್ಪಿರಲಿಲ್ಲ. ಅದರ ಮುಕ್ಕಾಲು ಪಾಲು ಕಿವಿಯ ಹೊರಗೇ ಇತ್ತು.

ಆಮೇಲೆ ಈ ವಿಷಯವನ್ನು ಸ್ವಲ್ಪ ಹಟ ಹಿಡಿದು ಓದಿದೆ, ಹಲವು ಬಗೆಯವನ್ನು ಹಾಕಿ ನೋಡಿದೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಪ್ಯಾಕೆಟ್‌ಗಳ ನಂಬರನ್ನು ಅಕ್ಕಪಕ್ಕ ಇಟ್ಟು ದೊಡ್ಡದನ್ನು ಆರಿಸಿದರೆ ಮೋಸ ಹೋಗುತ್ತೀರಿ. ಗದ್ದಲ ಇರುವಷ್ಟು ಹೊತ್ತೂ ತೆಗೆಯಬೇಕು ಅನ್ನಿಸದೆ ಕಿವಿಯಲ್ಲಿ ನಿಲ್ಲುವುದು ಯಾವುದೋ ಅದನ್ನು ಆರಿಸಿ. ಯಾಕೆ ಅನ್ನುವುದಕ್ಕೆ ಲೆಕ್ಕವಿದೆ, ಮುಂದೆ ಹೇಳುತ್ತೇನೆ.

ಎಷ್ಟು ಸದ್ದು, ಎಷ್ಟು ಹೊತ್ತು

ಡೆಸಿಬಲ್ ನಮ್ಮ ಅಂದಾಜಿಗೆ ಸಿಗುವ ಅಳತೆಯಲ್ಲ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ದುಪ್ಪಟ್ಟಾಗುತ್ತದೆ. ಕಿವಿಗೆ ಮಾತ್ರ ಒಂಚೂರು ಜಾಸ್ತಿಯಾದಂತೆ ಕೇಳುತ್ತದೆ, ಅಷ್ಟೆ. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಆ ಹೊತ್ತಿಗೆ ಶಕ್ತಿ ಹತ್ತು ಪಟ್ಟಾಗಿರುತ್ತದೆ. ಕಿವಿ ಹಾಳಾಗುವುದು ಶಕ್ತಿಯ ಲೆಕ್ಕದಲ್ಲಿ, ನಮಗೆ ಅನ್ನಿಸಿದ ಲೆಕ್ಕದಲ್ಲಿ ಅಲ್ಲ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ ನಯಾಶ್ ಹೇಳುವುದು ದಿನಕ್ಕೆ 8 ಗಂಟೆಗೆ 85 ಡೆಸಿಬಲ್. ಮುಂದಿನ ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಮುಟ್ಟಿದಾಗ ಉಳಿಯುವುದು 15 ನಿಮಿಷ. ಅದೇ ದೇಶದಲ್ಲಿ ಕೆಲಸದ ಜಾಗದ ಸುರಕ್ಷತೆಯ ಕಾನೂನು ಜಾರಿ ಮಾಡುವ ಓಶಾದ ಮಿತಿ ಬೇರೆ. ಅಲ್ಲಿ 8 ಗಂಟೆಗೆ 90, ಹೊತ್ತು ಅರ್ಧವಾಗುವುದು ಪ್ರತಿ 5 ಡೆಸಿಬಲ್‌ಗೆ. ಹಾಗಾಗಿ 100 ಡೆಸಿಬಲ್‌ನಲ್ಲಿ 2 ಗಂಟೆ ದುಡಿಯಬಹುದು. ಒಂದೇ ಸದ್ದಿಗೆ ಒಬ್ಬರು 15 ನಿಮಿಷ ಅನ್ನುತ್ತಾರೆ, ಇನ್ನೊಬ್ಬರು 2 ಗಂಟೆ ಅನ್ನುತ್ತಾರೆ. ಎರಡರಲ್ಲಿ ಯಾವುದು ಅಂದರೆ ನಾನು ಕಣ್ಣುಮುಚ್ಚಿ ನಯಾಶ್ ಕಡೆ. ಅದರ 1998ರ ಲೆಕ್ಕದಂತೆ 40 ವರ್ಷ ದುಡಿದವರಲ್ಲಿ ಗದ್ದಲದಿಂದಲೇ ಕಿವಿ ಮಂದವಾಗುವ ಹೆಚ್ಚುವರಿ ಅಪಾಯ 85 ಡೆಸಿಬಲ್‌ನಲ್ಲಿ 8 ಶೇಕಡಾ, 90ರಲ್ಲಿ 25 ಶೇಕಡಾ. 85 ಕೂಡ ‘ಏನೂ ಆಗುವುದಿಲ್ಲ’ ಅನ್ನುವ ಗೆರೆಯಲ್ಲ, ಗಮನಿಸಿ.

ಕೆಲಸದ ಆಚೆಗೆ, ಇಯರ್‌ಫೋನ್‌ನಲ್ಲಿ ಹಾಡು ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಕೊಟ್ಟ ಮಿತಿ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ 75.

ಅಳೆಯಲು ಫೋನ್ ಸಾಕು. ನಯಾಶ್‌ನದೇ ಸೌಂಡ್ ಲೆವೆಲ್ ಮೀಟರ್ ಆ್ಯಪ್ ಐಫೋನ್‌ಗೆ ಇದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಫೋನಿನಲ್ಲೂ ಒಂದೊಂದು ಬಗೆಯ ಮೈಕ್ ಇರುವುದರಿಂದ ಯಾವ ಆ್ಯಪ್‌ ಆದರೂ ಅಂದಾಜಿಗಷ್ಟೇ. ಫೋನೂ ಇಲ್ಲವೇ? ಒಂದು ತೋಳಿನಳತೆ ದೂರ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾಗಿ ಬಂದರೆ ನೀವು 85ರ ಆಸುಪಾಸಿನಲ್ಲೋ ಅದರ ಮೇಲೋ ಇದ್ದೀರಿ.

ಒಳಗೆ ಏನು ಹಾಳಾಗುತ್ತದೆ

ಒಳಕಿವಿಯಲ್ಲಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿದ ಕಾಕ್ಲಿಯಾದೊಳಗೆ, ಎರಡು ಬಗೆಯ ರೋಮಕೋಶಗಳಿವೆ. ಸುಮಾರು 3,500 ಒಳಸಾಲಿನವು, 12,000 ಹೊರಸಾಲಿನವು. ಮೆದುಳಿಗೆ ಸದ್ದು ಮುಟ್ಟಿಸುವ ಕೆಲಸ ಬಹುಪಾಲು ಒಳಸಾಲಿನದು; ಸಣ್ಣ ಸದ್ದನ್ನು ಹಿಗ್ಗಿಸಿಕೊಡುವುದು ಹೊರಸಾಲು. ಗದ್ದಲಕ್ಕೆ ಮೊದಲು ಬಲಿಯಾಗುವುದೂ ಹೊರಸಾಲೇ. ಹಕ್ಕಿಗಳಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. ನಮ್ಮ ಕಾಕ್ಲಿಯಾದಲ್ಲಿ ಹುಟ್ಟುವುದಿಲ್ಲ. ಹೋದದ್ದು ಹೋಯಿತು.

ಮೊದಲ ಪೆಟ್ಟು ಬೀಳುವುದು 4,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸುತ್ತಮುತ್ತಲಿನ ತಾರಸ್ವರಕ್ಕೆ. ಕಿವಿಯ ನಾಳ ತನ್ನ ಆಕಾರದಿಂದಾಗಿ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಹಿಗ್ಗಿಸುತ್ತದೆ, ಪೆಟ್ಟು ಅದಕ್ಕಿಂತ ಕೊಂಚ ಮೇಲೆ ತಗಲುತ್ತದೆ. ಅದಕ್ಕೇ ಗದ್ದಲದಲ್ಲಿ ದುಡಿದವರ ಆಡಿಯೋಗ್ರಾಮ್‌ನಲ್ಲಿ (ಯಾವ ಸ್ವರ ಎಷ್ಟು ಕೇಳುತ್ತದೆ ಎಂದು ತೋರಿಸುವ ಕಿವಿ ಪರೀಕ್ಷೆಯ ನಕ್ಷೆ) ಅಲ್ಲೊಂದು ಹಳ್ಳ ಕಾಣುತ್ತದೆ. ಮಾತಿನ ಲೆಕ್ಕದಲ್ಲಿ ಇದರ ಅರ್ಥ: ಸ್ವರಗಳು ಗಟ್ಟಿಯಾಗಿ ಕೇಳುತ್ತವೆ, ವ್ಯಂಜನಗಳು ಜಾರುತ್ತವೆ. ಸಾಲು, ಶಾಲು, ಕಾಲು, ಪಾಲು ಎಲ್ಲವೂ ‘ಆಲು’ ಆಗುತ್ತವೆ. ‘ಕೇಳ್ಸುತ್ತೆ, ಆದ್ರೆ ಏನಂದ್ರಿ ಅಂತ ಗೊತ್ತಾಗಲ್ಲ’ ಎಂದು ಮನೆಯಲ್ಲಿ ಯಾರಾದರೂ ಪದೇ ಪದೇ ಹೇಳುತ್ತಿದ್ದರೆ ಅವರು ಗಮನ ಕೊಡುತ್ತಿಲ್ಲ ಎಂದು ರೇಗಬೇಡಿ.

ಗದ್ದಲಕ್ಕೂ ಕಿವುಡಿಗೂ ನಂಟಿದೆ ಅನ್ನುವುದು ಹೊಸ ಮಾತೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ ಹದಿನೆಂಟನೇ ಶತಮಾನದ ಆರಂಭದಲ್ಲೇ ವೆನಿಸ್‌ನ ತಾಮ್ರ ಬಡಿಯುವವರು ಕಿವುಡಾಗುವುದನ್ನು ಬರೆದಿಟ್ಟಿದ್ದ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಬಾಯ್ಲರ್ ಕೆಲಸಗಾರರ ಕಿವಿ ಪರೀಕ್ಷಿಸಿದ. ಹೊಸದಾಗಿ ಗೊತ್ತಾದದ್ದು ಬೇರೆ, ನನಗೆ ನಿದ್ದೆಗೆಡಿಸಿದ್ದೂ ಅದೇ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳಿಗೆ 2 ಗಂಟೆ 100 ಡೆಸಿಬಲ್ ಸದ್ದು ಕೇಳಿಸಿದರು. ಕೆಲವು ವಾರದಲ್ಲಿ ಕೇಳುವ ಮಿತಿ ಮೊದಲಿನಂತಾಯಿತು, ರೋಮಕೋಶಗಳೂ ಉಳಿದಿದ್ದವು. ಆದರೆ ಕಾಕ್ಲಿಯಾದ ಕೆಲವು ಭಾಗಗಳಲ್ಲಿ ರೋಮಕೋಶಕ್ಕೂ ನರಕ್ಕೂ ನಡುವಿನ ಸಂಧಿಗಳು ಅರ್ಧದಷ್ಟು ಅಳಿಸಿಹೋಗಿದ್ದವು. ಅಂದರೆ ಸಾಮಾನ್ಯ ಪರೀಕ್ಷೆಯಲ್ಲಿ ಪಾಸು, ಒಳಗೆ ನಷ್ಟ. ಮನುಷ್ಯರಲ್ಲಿ ಇದನ್ನು ಹುಡುಕಿದ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿಗಿಲ್ಲ. ಕೆಲವಕ್ಕೆ ಸುಳಿವು ಸಿಕ್ಕಿದೆ, ಕೆಲವಕ್ಕೆ ಇಲ್ಲ. ಹಾಗಿದ್ದರೂ ‘ಎರಡು ದಿನದಲ್ಲಿ ಸರಿಹೋಯ್ತಲ್ಲ’ ಎಂದು ನಾನು ಈಗ ಅಷ್ಟು ನಿಶ್ಚಿಂತೆಯಿಂದ ಹೇಳುವುದಿಲ್ಲ.

ಫೋಮ್ ಪ್ಲಗ್

ಅಗ್ಗ, ಹಗುರ, ಬೆವರಿದರೂ ಕಿರಿಕಿರಿಯಿಲ್ಲ, ಹೆಲ್ಮೆಟ್ ಕನ್ನಡಕಗಳಿಗೆ ಅಡ್ಡಿಯಿಲ್ಲ. ಸರಿಯಾಗಿ ಹಾಕಿದರೆ ಸದ್ದು ತಗ್ಗಿಸುವುದರಲ್ಲಿ ಇದನ್ನು ಮೀರಿಸುವಂಥದ್ದು ಕಡಿಮೆ. ತೊಡಕೆಲ್ಲ ಆ ‘ಸರಿಯಾಗಿ’ಯಲ್ಲಿದೆ.

ಕೈ ತೊಳೆಯಿರಿ. ಪ್ಲಗ್ಗನ್ನು ಬೆರಳುಗಳ ನಡುವೆ ಬತ್ತಿ ಹೊಸೆದಂತೆ ಹೊಸೆಯಿರಿ, ಒಂದೂ ಸುಕ್ಕಿಲ್ಲದೆ ಪೆನ್ಸಿಲ್‌ಗಿಂತ ಸಣ್ಣಗಾಗುವ ತನಕ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಡೊಂಕಾಗಿರುವ ನಾಳ ಆಗ ನೆಟ್ಟಗಾಗುತ್ತದೆ. ತಕ್ಷಣ ಒಳಗೆ ತಳ್ಳಿ, ಅದು ಹಿಗ್ಗಿ ನಾಳ ತುಂಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಿರಿ, 20ರಿಂದ 30 ಸೆಕೆಂಡು. ಬಹುತೇಕರು ತಪ್ಪುವುದು ಈ ಕೊನೆಯ ಹೆಜ್ಜೆಯಲ್ಲಿ: ತಳ್ಳಿ ಬಿಟ್ಟುಬಿಡುತ್ತಾರೆ, ಪ್ಲಗ್ ಹಿಗ್ಗುತ್ತಾ ಹಿಂದಕ್ಕೆ ಬರುತ್ತದೆ. ನನ್ನದು ಹೀಗೇ ಆಗಿತ್ತು.

ಕೂತಿದೆಯೋ ಇಲ್ಲವೋ ನೋಡಲು, ಗದ್ದಲದಲ್ಲೇ ಎರಡೂ ಅಂಗೈಯಿಂದ ಕಿವಿ ಗಟ್ಟಿಯಾಗಿ ಮುಚ್ಚಿ ತೆರೆಯಿರಿ. ಮುಚ್ಚಿದಾಗ ಸದ್ದು ಗಮನಕ್ಕೆ ಬರುವಷ್ಟು ಇಳಿದರೆ ಪ್ಲಗ್ ಸೋರುತ್ತಿದೆ. ನಿಮ್ಮ ದನಿ ನಿಮಗೇ ಕೊಡದೊಳಗಿಂದ ಬಂದಂತೆ ಕೇಳಿದರೆ ಒಳ್ಳೆಯ ಲಕ್ಷಣ. ತೆಗೆದಾಗ ಪ್ಲಗ್ ಮೇಲೆ ಉದ್ದಕ್ಕೆ ಮಡಿಕೆ ಬಿದ್ದಿದ್ದರೆ ಸದ್ದು ನುಗ್ಗಿದ ದಾರಿ ಅದೇ.

ಕೈಗೆ ಗ್ರೀಸು, ಸಿಮೆಂಟು ಮೆತ್ತಿಕೊಂಡಿರುವ ಕೆಲಸಕ್ಕೆ ಫೋಮ್ ಬೇಡ. ಗಂಟೆಗೆ ನಾಲ್ಕು ಸಲ ತೆಗೆದು ಹಾಕುವವರಿಗೂ ಬೇಡ.

ಸಿಲಿಕೋನ್ ಪ್ಲಗ್, ಅಚ್ಚಿನ ಪ್ಲಗ್

ಛತ್ರಿಯ ಮೇಲೆ ಛತ್ರಿ ಇಟ್ಟಂತೆ ಎರಡು ಮೂರು ಅಂಚುಗಳಿರುವ ಸಿಲಿಕೋನ್ ಪ್ಲಗ್‌ಗೆ ಹೊಸೆಯುವ ಕೆಲಸವಿಲ್ಲ, ತೊಳೆದು ಮತ್ತೆ ಬಳಸಬಹುದು. ಆದರೆ ನಾಳದ ಅಳತೆ ಎಲ್ಲರದ್ದೂ ಒಂದೇ ಇರುವುದಿಲ್ಲ. ಒಬ್ಬರದೇ ಎರಡು ಕಿವಿಗೂ ವ್ಯತ್ಯಾಸವಿರಬಹುದು. ಬೇರೆ ಬೇರೆ ಅಳತೆ ಸಿಗುವ ಕಡೆ ಮಾತ್ರ ಕೊಳ್ಳಿ.

ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ನಿಮ್ಮ ಕಿವಿಯ ಅಚ್ಚು ತೆಗೆದು ಮಾಡಿಸಿಕೊಡುವುದು ದುಬಾರಿ. ಅದರಿಂದ ಸದ್ದು ಫೋಮ್‌ಗಿಂತ ಹೆಚ್ಚು ತಗ್ಗುತ್ತದೆ ಎಂದೇನೂ ಇಲ್ಲ. ಹಣ ಕೊಡುವುದು ದಿನವಿಡೀ ನೋಯದೆ, ಪ್ರತಿಸಲವೂ ಒಂದೇ ರೀತಿ ಕೂರುತ್ತದೆ ಅನ್ನುವುದಕ್ಕೆ. ಗದ್ದಲವೇ ಜೀವನೋಪಾಯವಾದವರಿಗೆ ಒಪ್ಪುವ ಖರ್ಚು. ತಿಂಗಳಿಗೊಮ್ಮೆ ಹುಲ್ಲು ಕತ್ತರಿಸುವವರಿಗೆ ಅಲ್ಲ.

ಸಂಗೀತಗಾರರ ಪ್ಲಗ್ ಬೇರೆಯದೇ ಜಾತಿ. ಸಾಮಾನ್ಯ ಪ್ಲಗ್ ತಾರಸ್ವರವನ್ನು ಹೆಚ್ಚು, ಮಂದ್ರವನ್ನು ಕಡಿಮೆ ತಗ್ಗಿಸುವುದರಿಂದ ಕಂಬಳಿ ಹೊದೆಸಿದಂತೆ ಕೇಳುತ್ತದೆ. ಎಟಿಮೋಟಿಕ್ ರಿಸರ್ಚ್ ಕಂಪನಿ 1988ರಲ್ಲಿ ತಂದ ಇಆರ್-15 ಪ್ಲಗ್‌ನ ಫಿಲ್ಟರ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ 15 ಡೆಸಿಬಲ್ ಇಳಿಸುತ್ತದೆ. ಹಾಡು ಹಾಡಾಗಿಯೇ ಉಳಿದು ದನಿಯಷ್ಟೇ ತಗ್ಗುತ್ತದೆ. ಈಗ ಹಲವು ಕಂಪನಿಗಳು ಈ ಬಗೆಯವನ್ನು ಅಚ್ಚಿಲ್ಲದ ರೂಪದಲ್ಲೂ ಮಾಡುತ್ತವೆ. ಸಂಗೀತ ಕಚೇರಿ, ವಾದ್ಯಮೇಳದ ರಿಹರ್ಸಲ್, ಗದ್ದಲದ ಸಭಾಂಗಣ ಇವಕ್ಕೆ ನನ್ನ ಮೊದಲ ಆಯ್ಕೆ ಇದೇ. ಜ್ಯಾಕ್‌ಹ್ಯಾಮರ್ ಪಕ್ಕ ಇದು ಸಾಲದು.

ಇಯರ್‌ಮಫ್

ಕಿವಿಯನ್ನು ಪೂರ್ತಿ ಮುಚ್ಚುವ ಎರಡು ಬಟ್ಟಲು, ಒತ್ತಿ ಹಿಡಿಯುವ ಪಟ್ಟಿ. ಕಲಿಯಬೇಕಾದ್ದು ಏನೂ ಇಲ್ಲ. ಮೊದಲ ಸಲ ಹಾಕಿಕೊಂಡವರಿಗೂ ಹತ್ತಿರ ಹತ್ತಿರ ಪೂರ್ತಿ ಪ್ರಯೋಜನ ಸಿಗುತ್ತದೆ. ಹಾಕಿಕೊಂಡಿದ್ದಾರೋ ಇಲ್ಲವೋ ದೂರದಿಂದಲೇ ಕಾಣುತ್ತದೆ ಅನ್ನುವುದು ಮೇಸ್ತ್ರಿಗಳಿಗೆ ಇಷ್ಟವಾಗುವ ಗುಣ.

ಕೆಟ್ಟ ಗುಣಗಳೂ ಇವೆ. ಸೆಕೆ. ಭಾರ. ಕನ್ನಡಕದ ಕಡ್ಡಿ, ಉದ್ದ ಕೂದಲು, ದೊಡ್ಡ ಓಲೆ ಮೆತ್ತೆಯ ಅಡಿ ಸಿಕ್ಕಿ ಸಂದು ಬಿಟ್ಟರೆ ಹಲವು ಡೆಸಿಬಲ್ ಅಲ್ಲೇ ಸೋರುತ್ತದೆ. ಮೆತ್ತೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಿ. ಪಟ್ಟಿ ಸಡಿಲವಾದರೆ ಮಫ್ ಬರೀ ಅಲಂಕಾರ.

ಎಲೆಕ್ಟ್ರಾನಿಕ್ ಮಫ್‌ನಲ್ಲಿ ಹೊರಗೆ ಮೈಕ್ ಇರುತ್ತದೆ. ಪಕ್ಕದವರ ಮಾತು, ಹಿಂದಿನಿಂದ ಬರುವ ವಾಹನದ ಸದ್ದು ಒಳಗೆ ಬರುತ್ತದೆ. ಸದ್ದು ಮಿತಿ ಮೀರಿದ ಕೂಡಲೇ ತಡೆ ಬೀಳುತ್ತದೆ. ಗದ್ದಲ ಬಿಟ್ಟುಬಿಟ್ಟು ಬರುವ, ನಡುವೆ ಮಾತಾಡಲೇಬೇಕಾದ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು.

ಪುಟ್ಟ ಮಕ್ಕಳಿಗೆ ಅವರ ತಲೆಯ ಅಳತೆಯ ಮಫ್ ಒಂದೇ ದಾರಿ. ಫೋಮ್ ಪ್ಲಗ್ ಅವರ ನಾಳಕ್ಕೆ ದೊಡ್ಡದು, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುವಷ್ಟು ಚಿಕ್ಕದು. ಕಿವಿ ಸೋರುತ್ತಿರುವವರು, ಕಿವಿಯ ತಮಟೆ ತೂತಾದವರು ಕೂಡ ವೈದ್ಯರನ್ನು ಕೇಳದೆ ಕಿವಿಯೊಳಗೆ ಏನನ್ನೂ ತುರುಕಬಾರದು. ಹತ್ತಿಯ ಉಂಡೆಯ ಬಗ್ಗೆ ಹೇಳುವುದೇ ಬೇಡ, ಅದರಿಂದ ಸಿಗುವುದು ಮನಸ್ಸಿಗೆ ಸಮಾಧಾನ ಮಾತ್ರ. ಆಫ್ ಮಾಡಿದ ಶ್ರವಣ ಸಾಧನವೂ ರಕ್ಷಣೆಯಲ್ಲ.

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್

ಜನ ಹೆಚ್ಚು ಎಡವುವುದು ಇಲ್ಲಿ. ಬರುವ ಸದ್ದಿನ ಅಲೆಗೆ ಪ್ರತಿ ಅಲೆ ಹುಟ್ಟಿಸಿ ಅಳಿಸುವ ತಂತ್ರ ಇದು. ವಿಮಾನದ ಗೊಣಗು, ಫ್ಯಾನಿನ ಗುಯ್‌ಗುಟ್ಟುವಿಕೆ ಮೊದಲಾದ ಒಂದೇ ಸಮನೆಯ ಮಂದ್ರ ಸದ್ದಿಗೆ ಸೊಗಸಾಗಿ ಕೆಲಸ ಮಾಡುತ್ತದೆ. ಸುಮಾರು 1,000 ಹರ್ಟ್ಸ್ ದಾಟಿದ ಮೇಲೆ ಉಳಿಯುವುದು ಮೆತ್ತೆ ತಡೆದಷ್ಟೇ. ಸುತ್ತಿಗೆಯ ಏಟು, ಗರಗಸದ ಕಿರುಚಾಟ ಅದರ ಕೈಗೆ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಹುತೇಕ ಹೆಡ್‌ಫೋನ್‌ಗಳಿಗೆ ಶ್ರವಣ ರಕ್ಷಣೆಯ ಪ್ರಮಾಣಪತ್ರವೇ ಇಲ್ಲ.

ಹಾಗೆಂದು ಪ್ರಯೋಜನವಿಲ್ಲ ಎಂದಲ್ಲ. ಬಸ್ಸು, ರೈಲು, ವಿಮಾನದಲ್ಲಿ ಹೊರಗಿನ ಗದ್ದಲ ಮೀರಿಸಲು ನಾವು ವಾಲ್ಯೂಮ್ ಏರಿಸುತ್ತೇವಲ್ಲ, ಆ ಚಟಕ್ಕೆ ಇದು ಕಡಿವಾಣ. ಹಾಡು ಕೇಳುವವರಿಗೆ ಒಳ್ಳೆಯದು, ಗೋಡೆ ಕೊರೆಯುವವರಿಗೆ ಅಲ್ಲ.

ಇನ್ನು ಲೆಕ್ಕ

ಸದ್ದು ಎಷ್ಟು ತಗ್ಗುತ್ತದೆ ಎಂದು ಪ್ಯಾಕೆಟ್ ಮೇಲೆ ಬರೆಯುವ ಎನ್‌ಆರ್‌ಆರ್ ಅಮೆರಿಕದ ಅಂಕಿ, ಯುರೋಪಿನದು ಎಸ್‌ಎನ್‌ಆರ್. ಎರಡನ್ನೂ ಒಂದಕ್ಕೊಂದು ಹೋಲಿಸಲಾಗದು. ಪ್ರಯೋಗಾಲಯದಲ್ಲಿ ತಿಳಿದವರ ನಿಗಾದಲ್ಲಿ ಹಾಕಿ ಅಳೆದ ಅಂಕಿಗೂ ಕೆಲಸದ ಜಾಗದಲ್ಲಿ ಸಿಗುವುದಕ್ಕೂ ಅಜಗಜಾಂತರ. ಅದಕ್ಕೇ ಓಶಾ ಹೇಳುವ ಎಚ್ಚರಿಕೆಯ ಲೆಕ್ಕದಲ್ಲಿ ಎನ್‌ಆರ್‌ಆರ್‌ನಿಂದ 7 ಕಳೆದು ಉಳಿದದ್ದನ್ನು ಅರ್ಧ ಮಾಡಬೇಕು: 33ರಲ್ಲಿ 7 ಹೋದರೆ 26, ಅದರ ಅರ್ಧ 13.

ನಯಾಶ್ 1998ರಲ್ಲಿ ಬಗೆಗೊಂದು ಕಡಿತ ಹೇಳಿತು. ಮಫ್‌ನ ಅಂಕಿಯಲ್ಲಿ ಕಾಲು ಭಾಗ, ಫೋಮ್‌ನದರಲ್ಲಿ ಅರ್ಧ, ಉಳಿದ ಪ್ಲಗ್‌ಗಳದ್ದರಲ್ಲಿ 70 ಶೇಕಡಾ ಕಳೆಯಬೇಕು. ಈ ಪ್ರಕಾರ 33ರ ಫೋಮ್ ಪ್ಲಗ್ 16.5ಕ್ಕೆ ಇಳಿಯುತ್ತದೆ, 25ರ ಮಫ್ ಸುಮಾರು 19ರಲ್ಲಿ ನಿಲ್ಲುತ್ತದೆ. ಪ್ಯಾಕೆಟ್‌ನಲ್ಲಿ ಸೋತದ್ದು ತಲೆಯ ಮೇಲೆ ಗೆದ್ದಿತು. ಇದೂ ಸರಾಸರಿಯ ಮಾತೇ. ನಿಮ್ಮ ಕಿವಿಗೆ ನಿಮ್ಮ ಪ್ಲಗ್ ಎಷ್ಟು ಕೊಡುತ್ತದೆ ಎಂದು ಅಳೆಯುವ ಫಿಟ್ ಟೆಸ್ಟ್ ಈಗ ಇದೆ; ಕೆಲಸದ ಜಾಗದಲ್ಲಿ ಆ ಸೌಲಭ್ಯವಿದ್ದರೆ ಬಿಡಬೇಡಿ.

ಮೊದಲಿಗೆ ಹೇಳಿದ ಲೆಕ್ಕ ಇಲ್ಲಿದೆ. ನಿಜಕ್ಕೂ 30 ಡೆಸಿಬಲ್ ತಗ್ಗಿಸುವ ಪ್ಲಗ್ ಹಾಕಿ 8 ಗಂಟೆ ಗದ್ದಲದಲ್ಲಿದ್ದೀರಿ. ನಡುವೆ ಮಾತಿಗೋ ಫೋನಿಗೋ ಎಂದು ಒಟ್ಟು ಅರ್ಧ ಗಂಟೆ ತೆಗೆದಿರಿ. ದಿನದ ಒಟ್ಟು ರಕ್ಷಣೆ 12 ಡೆಸಿಬಲ್‌ಗೆ ಕುಸಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಒಳಗೆ ಹೋದ ಶಕ್ತಿ ಉಳಿದ ಏಳೂವರೆ ಗಂಟೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದೇ 15 ಡೆಸಿಬಲ್‌ನ ಸಾಧಾರಣ ಪ್ಲಗ್ಗನ್ನು ತೆಗೆಯದೇ ಇಟ್ಟುಕೊಂಡಿದ್ದರೆ 15 ಪೂರ್ತಿ ಸಿಗುತ್ತಿತ್ತು.

ಅತಿಯಾದ ರಕ್ಷಣೆಯೂ ಇದೇ ಕಾರಣಕ್ಕೆ ಕೆಟ್ಟದ್ದು. ಕಿವಿಯೊಳಗೆ 75–80 ಡೆಸಿಬಲ್ ಉಳಿದರೆ ಹದ. 70ಕ್ಕಿಂತ ಕೆಳಗಿಳಿದರೆ ಮಾತೂ ಕೇಳದು, ಅಪಾಯದ ಸೂಚನೆಯೂ ಕೇಳದು; ಆಗ ಕೈ ತಾನಾಗಿ ಪ್ಲಗ್ ತೆಗೆಯಲು ಹೋಗುತ್ತದೆ. 90 ಡೆಸಿಬಲ್ ಸದ್ದಿಗೆ 33ರ ಪ್ಲಗ್ಗನ್ನು ಕಷ್ಟಪಟ್ಟು ಹಾಕುವುದು ತುಂತುರು ಮಳೆಗೆ ಗೋಣಿಕೊಪ್ಪೆ, ರೇನ್‌ಕೋಟ್ ಎರಡನ್ನೂ ಹೊದ್ದಂತೆ.

ಪ್ಲಗ್ ಮತ್ತು ಮಫ್ ಎರಡನ್ನೂ ಒಟ್ಟಿಗೆ ಹಾಕಿದರೆ? ಅಂಕಿಗಳು ಕೂಡಿಕೊಳ್ಳುವುದಿಲ್ಲ. ಎರಡರಲ್ಲಿ ದೊಡ್ಡದಕ್ಕೆ ಸುಮಾರು 5 ಡೆಸಿಬಲ್ ಸೇರಿಸಿಕೊಳ್ಳಿ. ಸದ್ದು ತಲೆಬುರುಡೆಯ ಮೂಲಕವೂ ಒಳಕಿವಿಗೆ ಮುಟ್ಟುವುದರಿಂದ 40–50 ಡೆಸಿಬಲ್ ದಾಟಿ ಯಾವುದರಿಂದಲೂ ತಗ್ಗಿಸಲಾಗದು. ಬಂದೂಕಿನ ಗುಂಡು 140ರಿಂದ 170 ಡೆಸಿಬಲ್ ಶಿಖರ ಮುಟ್ಟುತ್ತದೆ, ಅಲ್ಲಿ ಒಂದೇ ಏಟಿಗೆ ಕಿವಿ ಹೋಗಬಹುದು. ಎರಡೂ ಹಾಕಿಕೊಳ್ಳಬೇಕಾದ್ದು ಅಂಥಲ್ಲಿ.

ಏನೂ ಕೊಳ್ಳದೆ ಸಿಗುವ ರಕ್ಷಣೆ ದೂರ. ಬಯಲಿನಲ್ಲಿ ಸದ್ದಿನ ಮೂಲದಿಂದ ದೂರ ದುಪ್ಪಟ್ಟು ಮಾಡಿದರೆ 6 ಡೆಸಿಬಲ್ ಇಳಿಯುತ್ತದೆ, ಅಂದರೆ ನಯಾಶ್ ಲೆಕ್ಕದಲ್ಲಿ ನಾಲ್ಕು ಪಟ್ಟು ಹೊತ್ತು. ಸ್ಪೀಕರಿನಿಂದ ಎರಡು ಮೀಟರ್ ದೂರ ನಿಂತವರು ನಾಲ್ಕು ಮೀಟರಿಗೆ ಸರಿದರೆ ಅಷ್ಟು ಲಾಭ. ಕೋಣೆಯೊಳಗೆ ಗೋಡೆಗಳು ಸದ್ದನ್ನು ವಾಪಸು ಎಸೆಯುವುದರಿಂದ ಅಷ್ಟು ಸಿಗದು.

ಗದ್ದಲದ ಕೆಲಸ ನಿಮ್ಮದಾದರೆ ವರ್ಷಕ್ಕೊಮ್ಮೆ ಆಡಿಯೋಗ್ರಾಮ್ ಮಾಡಿಸಿ, ಮೊದಲನೆಯದನ್ನು ಜೋಪಾನವಾಗಿಡಿ. ಮುಂದಿನದನ್ನೆಲ್ಲ ಅದರ ಪಕ್ಕ ಇಟ್ಟೇ ಓದಬೇಕು. ಆ ಮೊದಲ ಪರೀಕ್ಷೆಗೆ ಮುನ್ನ 14 ಗಂಟೆ ಗದ್ದಲದಿಂದ ದೂರವಿರಿ, ಇಲ್ಲವಾದರೆ ತಾತ್ಕಾಲಿಕ ಮಂದತನವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ವೈದ್ಯರ ಬಳಿ ಹೋಗಿ.

ನನ್ನ ಬಳಿ ಈಗ ಎರಡೇ ಇವೆ. ಸಮ ತಗ್ಗಿಸುವ ಸಿಲಿಕೋನ್ ಪ್ಲಗ್ ಕೀಗೊಂಚಲಿನ ಡಬ್ಬಿಯಲ್ಲಿ ನೇತಾಡುತ್ತದೆ. ಮಫ್ಫನ್ನು ಹ್ಯಾಮರ್ ಡ್ರಿಲ್ಲಿನ ಪೆಟ್ಟಿಗೆಯೊಳಗೆ, ಡ್ರಿಲ್ಲಿನ ಮೇಲೆಯೇ ಇಟ್ಟಿದ್ದೇನೆ. ಅದನ್ನು ಎತ್ತದೆ ಡ್ರಿಲ್ ಕೈಗೆ ಸಿಗುವುದಿಲ್ಲ.